ನಾಲ್ಕನೇ ಮಗ್ಗದ ಕೆಂಪು ಚಿಂದಿ

ಬನಹಟ್ಟಿಯ ಶಿದ್ರಾಮಪ್ಪನ ಪ್ರಕಾರ ಜಗತ್ತಿನ ಜನರೆಲ್ಲ ಎರಡೇ ಬಗೆ. ಕಿವಿ ಇದ್ದವರು ಒಂದು, ಕಿವಿ ಇಲ್ಲದವರು ಇನ್ನೊಂದು. ಮೊದಲನೆಯ ಬಗೆಯಲ್ಲಿ ಅವನೊಬ್ಬನೇ ಇದ್ದ.

ಸುಳ್ಳೇಕೆ ಹೇಳಬೇಕು, ಅವನ ಕಿವಿ ಅಂಥದೇ. ಮೂವತ್ತೈದು ವರ್ಷ ಊರ ತುಂಬ ಪಾವರ್‌ಲೂಮ್ ರಿಪೇರಿ ಮಾಡಿದ ಮನುಷ್ಯ. ಓಣಿಯ ತುದಿಯಲ್ಲಿ ಸೈಕಲ್ ನಿಲ್ಲಿಸಿ, ಇನ್ನೂ ಒಳಗೆ ಕಾಲಿಡುವ ಮೊದಲೇ, "ಎರಡನೇ ಮಗ್ಗದ ಪಟ್ಟಾ ಸಡ್ಲ ಆಗೈತಿ ನೋಡ್ರಲೇ" ಎಂದು ಕೂಗುತ್ತಿದ್ದ. ಒಳಗೆ ಹೋಗಿ ನೋಡಿದರೆ ಎರಡನೇ ಮಗ್ಗದ ಪಟ್ಟಾನೇ ಸಡಿಲಾಗಿರುತ್ತಿತ್ತು. ಇಷ್ಟಾದ ಮೇಲೆ ಮನುಷ್ಯ ನೆಲದ ಮೇಲೆ ನಡೆಯುತ್ತಾನೆಯೇ? ಕಂಡವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: "ಕಿವಿ ಇಲ್ಲದಾಂವ ಮಗ್ಗದ ಮನಿಗೆ ಬರಬಾರದು, ಮಠಕ್ಕ ಹೋಗಬೇಕು." ಮಾತಿನಂತೆ ನಡೆದೂ ಇದ್ದ. ಅವನ ಮಗ್ಗದಲ್ಲಿ ಇಪ್ಪತ್ತು ವರ್ಷ ನೇಯ್ದ ಹಾಲಸಿದ್ದಪ್ಪನಿಗೆ ಕಿವಿ ಮಂದವಾಯಿತೆಂದು ಗೊತ್ತಾದ ದಿನವೇ ಅವನ ಕೈಗೆ ಚೀಲ ಕೊಟ್ಟು ಕಳಿಸಿದ್ದ. ಆ ಮುದುಕ ಈಗ ಗುಡಿಯ ಕಟ್ಟೆಯ ಮೇಲೆ ಕೂತು, ಹೋಗಿ ಬರುವವರ ಬಾಯನ್ನೇ ನೋಡುತ್ತಿರುತ್ತಾನೆ.

ಶಿದ್ರಾಮಪ್ಪನ ಮನೆಯ ಹಿಂದಿನ ತಗಡಿನ ಪತ್ರಾಸಿನ ಕೋಣೆಯಲ್ಲಿ ನಾಲ್ಕು ಮಗ್ಗಗಳಿದ್ದವು. ನಾಲ್ಕನ್ನೂ ನೋಡಿಕೊಳ್ಳುವವಳು ಮಗಳು ಶೈಲಾ. ಮೆಟ್ರಿಕ್ ಮುಗಿಸಿ ಮಗ್ಗದ ಮುಂದೆ ನಿಂತವಳು, ನಡುವೆ ಒಂದು ವರ್ಷ ತೇರದಾಳದ ಗಂಡನ ಮನೆಗೆ ಹೋಗಿ, ಅಲ್ಲಿಂದ ಒಂದು ಟ್ರಂಕಿನ ಜೊತೆ ತಿರುಗಿ ಬಂದು, ಮತ್ತೆ ಮಗ್ಗದ ಮುಂದೆಯೇ ನಿಂತಳು. ಅದಕ್ಕೀಗ ಆರು ವರ್ಷ. ಏನಾಯಿತೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆ ನಾಲ್ಕು ಮಗ್ಗ ಬಿಟ್ಟರೆ ತನ್ನದೆನ್ನುವುದು ಅವಳಿಗೆ ಬೇರೇನೂ ಇರಲಿಲ್ಲ.

ಇತ್ತೀಚೆಗೆ ಅವಳ ಕೆಲಸ ಕೆಟ್ಟಿತ್ತು. ರಬಕವಿಯ ಅರಿವೆ ವ್ಯಾಪಾರಿ ಬಸಗೊಂಡಪ್ಪ ಎರಡು ತಿಂಗಳಲ್ಲಿ ಆರು ಸೀರೆ ವಾಪಸ್ ಕಳಿಸಿದ್ದ. ಎಲ್ಲದರಲ್ಲೂ ಒಂದೇ ದೋಷ. ಅಡ್ಡ ನೂಲು ಹರಿದದ್ದು ತಿಳಿಯದೆ ಮಗ್ಗ ಸುಮ್ಮನೆ ಓಡಿ, ಬಟ್ಟೆಯ ನಡುವೆ ಬೆರಳಗಲ ಜಾಳು ಬಿದ್ದಿತ್ತು. ಪ್ರತಿ ಮಗ್ಗದಲ್ಲೂ ಆ ನೂಲನ್ನು ಕಾಯುವ ಸಣ್ಣದೊಂದು ತಂತಿ ಕಡ್ಡಿ ಇರುತ್ತದೆ. ನೂಲು ಸರಿಯಿರುವ ತನಕ ತೆಪ್ಪಗಿರುತ್ತದೆ, ಹರಿದರೆ ಟಕ್ ಟಕ್ ಎಂದು ಎದ್ದು ಬೀಳುತ್ತದೆ. ಕಂಪನಿಯವರು ಕಳಿಸುವಾಗ ಆ ಕಡ್ಡಿಯೇ ಮಗ್ಗವನ್ನು ನಿಲ್ಲಿಸುವಂತೆ ಒಂದು ಕೊಂಡಿಯನ್ನೂ ಕೊಟ್ಟಿರುತ್ತಾರೆ. ಶಿದ್ರಾಮಪ್ಪ ಆ ಕೊಂಡಿಯನ್ನು ನಾಲ್ಕೂ ಮಗ್ಗಗಳಿಂದ ಕಿತ್ತು ಗುಜರಿಗೆ ಹಾಕಿದ್ದ. "ಮಗ್ಗ ತಾನ ನಿಲ್ಲೂದಾದ್ರ ನೇಕಾರ ಯಾಕ ಬೇಕು? ಟಕ್ ಅಂದ್ರ ಕೇಳಸಂಗಿಲ್ಲೇನ?" ಎನ್ನುವುದು ಅವನ ವಾದ.

ಆರನೇ ಸೀರೆ ಬಂದ ದಿನ ಅವನು ಅದನ್ನು ಮಗಳ ಮುಖದ ಮುಂದೆ ಹಿಡಿದು, ಜಾಳಿನೊಳಗಿಂದ ಬೆರಳು ತೂರಿಸಿ ತೋರಿಸಿದ.

"ಇದೇನ ಸೀರಿಯೋ, ಜರಡಿಯೋ? ಕೈಯಾಗಿನ ಮೊಬೈಲ್ ಕೆಳಗಿಟ್ಟ ಕೆಲಸ ಮಾಡಬೇಕ. ಇನ್ನೊಂದು ಸೀರಿ ತಿರುಗಿ ಬರಲಿ, ನಾಲ್ಕೂ ಮಗ್ಗ ಸಿದ್ದಾರೂಢನ ಕೈಗೆ ಕೊಡತೀನಿ. ನೀ ಬೋರವ್ವನ ಬಾಜೂಕ ಕಂಡಿಕಿ ಸುತಕೋಂತ ಕುಂಡ್ರು."

ಲಾಳಿಯೊಳಗಿನ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತಿಕೊಡುವವಳು ಬೋರವ್ವ. ಸಿದ್ದಾರೂಢ ಅವನ ತಮ್ಮನ ಮಗ. ಆ ಮಗ್ಗಗಳ ಮೇಲೆ ಕಣ್ಣಿಟ್ಟು ಮೂರು ವರ್ಷವಾಗಿತ್ತು. ಶೈಲಾ ಅಪ್ಪನ ಬಾಯನ್ನೇ ದಿಟ್ಟಿಸಿ ನೋಡಿದಳು, ತಲೆ ತಗ್ಗಿಸಿದಳು, ಮಗ್ಗದ ಕಡೆ ತಿರುಗಿದಳು. ಅವನಿಗೆ ಇನ್ನಷ್ಟು ಸಿಟ್ಟು ಬಂತು. ಹಿಂದಿನಿಂದ ಎಷ್ಟು ಬೈದರೂ ತಿರುಗಿ ನೋಡದ ಸೊಕ್ಕು ಈ ಹುಡುಗಿಯದು ಎಂದುಕೊಂಡ.

ಮಗ್ಗದ ಮನೆಯ ರೀತಿಯೇ ಹಾಗೆ. ಅಲ್ಲಿ ಯಾರ ಮಾತನ್ನೂ ಯಾರೂ ಕೇಳುವುದಿಲ್ಲ, ನೋಡುತ್ತಾರೆ. ಕಟಕ್ ಕಟಕ್ ಎಂದು ಬೆಳಗಿನಿಂದ ಸಂಜೆಯ ತನಕ ಹೊಡೆದುಕೊಳ್ಳುವ ಗದ್ದಲದಲ್ಲಿ ಕೈ ಬಾಯಿಗೆ ಒಯ್ದರೆ ಊಟ, ಹೆಬ್ಬೆರಳು ಬಗ್ಗಿಸಿದರೆ ಚಾ, ಹುಬ್ಬು ಹಾರಿಸಿದರೆ ಏನು ಅಂತ. ಕೂಸುಗಳು ಮಾತು ಕಲಿಯುವ ಮೊದಲು ತುಟಿ ಓದುವುದನ್ನು ಕಲಿಯುತ್ತವೆ. ಕರೆಂಟು ಹೋದರೆ ಊರಿಗೆ ಊರೇ ಗಾಬರಿಯಾಗಿ, ಮಲಗಿದ ಕೂಸು ಎದ್ದು ಅಳುತ್ತದೆ.

ಇಂಥ ಊರಿಗೆ ಗದ್ದಲ ಕಡಿಮೆ ಮಾಡುವ ವಸ್ತು ಮಾರಲು ಬಂದವನು ಪ್ರಭುಲಿಂಗ.

ಜಮಖಂಡಿಯ ಹುಡುಗ. ಯಾವುದೋ ದೊಡ್ಡ ಊರಿನಲ್ಲಿ ಡಿಸೈನ್ ಓದಿ ಬಂದು, ಭೂಮಿ ತಾಯಿಯನ್ನು ತಾನೊಬ್ಬನೇ ಎತ್ತಿ ಹಿಡಿದವನಂತೆ ಅಡ್ಡಾಡುತ್ತಿದ್ದ. ಅವನ ಹಿಂದಿನ ಪರಾಕ್ರಮಗಳು ಶಿದ್ರಾಮಪ್ಪನಿಗೆ ಬಾಯಿಪಾಠವಾಗಿದ್ದವು. ಮುಧೋಳದಲ್ಲಿ ಕಬ್ಬಿನ ಸಿಪ್ಪೆಯಿಂದ ಊಟದ ತಟ್ಟೆ ಮಾಡಿದ್ದ. ಒಂದು ಮದುವೆಯಲ್ಲಿ ಗೋದಿ ಹುಗ್ಗಿಯ ಮೇಲೆ ಬಿಸಿ ತುಪ್ಪ ಬಿದ್ದದ್ದೇ ತಟ್ಟೆ ಮೆತ್ತಗಾಗಿ, ಬೀಗರ ಧೋತರಕ್ಕೆ ಹುಗ್ಗಿಯ ಅಭಿಷೇಕವಾಗಿತ್ತು. ಬೀಳಗಿಯ ಕಡೆ ಬಿಸಿಲಿನ ಒಲೆ ಹಂಚಿದ್ದ. ಹೆಣ್ಣುಮಕ್ಕಳು ಅದನ್ನು ಮಾಳಿಗೆಯ ಮೇಲಿಟ್ಟು, ಒಳಗೆ ಸಂಡಿಗೆ ಒಣಗಿಸಿ, ಭಾಳ ಛಲೋ ಐತ್ರಿ ಎಂದು ಹೊಗಳಿದ್ದರು. ಈಗ ಹತ್ತಿಯ ಕಸ ಮತ್ತು ಹಳೆಯ ಟಾಯರಿನ ಪುಡಿ ಸೇರಿಸಿ ಒತ್ತಿದ ದಪ್ಪನೆಯ ಗಾದಿಗಳನ್ನು ಮಾಡಿ, 'ಶಾಂತಿ ಗಾದಿ' ಎಂದು ಹೆಸರಿಟ್ಟು ತಂದಿದ್ದ. ಮಗ್ಗದ ನಾಲ್ಕು ಕಾಲಿನ ಕೆಳಗೆ ನಾಲ್ಕು, ಲಾಳಿ ಬಂದು ಬಡಿಯುವ ಎರಡು ತುದಿಗೆ ಎರಡು.

"ಕಾಕಾರ, ಇದು ನಿಮ್ಮ ಊರಾಗಿನ ಕಸಾನರಿ," ಎಂದು ಪ್ರಭುಲಿಂಗ ಗಾದಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ವಿವರಿಸಿದ. "ಕಸಾನೂ ಕಮ್ಮಿ ಆಗತೈತಿ, ಗದ್ದಲಾನೂ ಕಮ್ಮಿ ಆಗತೈತಿ. ದಿನಾ ಹತ್ತು ತಾಸ ಈ ಸಪ್ಪಳದಾಗ ನಿಂತ್ರ ಕಿವಿ ಹೋಗತಾವ್ರಿ."

"ಮೂವತ್ತೈದು ವರ್ಷ ಆತು. ನನ್ನ ಕಿವಿ ಹೋಗ್ಯಾವೇನ?"

"ನೀವು ಊರ ತುಂಬ ಅಡ್ಡಾಡಾವ್ರು. ಮಗ್ಗ ಬಿಟ್ಟ ಸರಿಯದಾವ್ರ ಕಥಿ ಬ್ಯಾರೆ ಇರತೈತ್ರಿ."

"ಹೌದೌದು ಸಾಹೇಬ್ರ," ಎಂದು ಶಿದ್ರಾಮಪ್ಪ ಎಲೆಯಡಿಕೆ ಉಗುಳಿ ಬಂದ. "ನಮ್ಮ ಕಸಾ ನಮಗ ಮಾರಾಕ ಬಂದೀರಿ. ನಾಳೆ ನಮ್ಮ ಗಾಳೀನೂ ಚೀಲದಾಗ ತುಂಬಿ ತರ್ರಿ, ತೊಗೋತೀವಿ."

ಕೂತಿದ್ದ ನಾಲ್ಕು ಜನ ನಕ್ಕರು. ಕಂಡಿಕೆ ಸುತ್ತುತ್ತಿದ್ದ ಪಕ್ಕದ ಮನೆಯ ಬೋರವ್ವ ಮಾತ್ರ ನಗಲಿಲ್ಲ. ಶಿದ್ರಾಮಪ್ಪನನ್ನು ಚಡ್ಡಿ ಹಾಕಿದಾಗಿನಿಂದ ನೋಡಿದ ಮುದುಕಿ ಅವಳು. "ಮಂದೀ ಎಲಿಯಾಗಿನ ನೊಣಾ ಭಾಳ ಲಗೂ ಕಾಣತೈತಿ ನಿನಗ, ಶಿದ್ರಾಮ. ನಿನ್ನ ಎಲಿಯಾಗ ಹೆಗ್ಗಣ ಬಿದ್ದಿದ್ದೂ ಒಮ್ಮೆ ನೋಡಕೋ," ಎಂದಳು. ಅವನು ಕೈ ಝಾಡಿಸಿ ಆ ಮಾತನ್ನು ಆಚೆ ತಳ್ಳಿದ.

ನೇಕಾರರ ಸಂಘದವರು ಬುದ್ಧಿವಂತರು. ಹೂಂ ಎಂದು ಕೆಟ್ಟವರಾಗಲಿಲ್ಲ, ಉಹೂಂ ಎಂದೂ ಕೆಟ್ಟವರಾಗಲಿಲ್ಲ. ಶಿದ್ರಾಮಪ್ಪನ ಮನೆಯ ನಾಲ್ಕು ಮಗ್ಗಗಳಿಗೆ ಮೊದಲು ಗಾದಿ ಹಾಕಿ ನೋಡುವುದು, ಅವನ ಕಿವಿ ಒಪ್ಪಿದರೆ ಊರೆಲ್ಲ ಒಪ್ಪುವುದು ಎಂದು ತೀರ್ಮಾನಿಸಿದರು. ಶಿದ್ರಾಮಪ್ಪ ಥಟ್ಟನೆ ಒಪ್ಪಿಕೊಂಡ. ಆ ಪಡ್ಡೆ ಹುಡುಗನ ಮಾನವನ್ನು ನಾಲ್ಕು ಜನರ ಮುಂದೆ ತೆಗೆಯುವ ಇಂಥ ಅವಕಾಶ ಮತ್ತೆ ಬರುವುದಿತ್ತೇ?

ಬ್ಯಾಡ ಎಂದವಳು ಶೈಲಾ ಒಬ್ಬಳೇ. ಊಟಕ್ಕೆ ಕೂತಾಗ, ಅವನ ತಟ್ಟೆಗೆ ರೊಟ್ಟಿ ಹಾಕುತ್ತ, "ಆ ಗಾದಿ ನಮಗ ಬ್ಯಾಡಪಾ. ಸಪ್ಪಳಿದ್ರ ಛಲೋ," ಎಂದಳು. ಹೇಳುವಾಗ ಅವಳ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಎಷ್ಟಾದರೂ ನನ್ನ ಮಗಳು, ಹೊರಗಿನವರ ಸೋಗು ಇವಳಿಗೂ ಹಿಡಿಸುವುದಿಲ್ಲ ಎಂದು ಶಿದ್ರಾಮಪ್ಪ ಉಬ್ಬಿಹೋದ. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಮೇಲೆ ಅವನಿಗೆ ಪ್ರೀತಿ ಬಂತು.

ಮರುದಿನ ಹನ್ನೊಂದಕ್ಕೆ ಎಲ್ಲರೂ ಬಂದರು. ಸಂಘದ ಮೂವರು, ಬೋರವ್ವ, ಕರೆಯದಿದ್ದರೂ ಬಂದ ಸಿದ್ದಾರೂಢ. ಪ್ರಭುಲಿಂಗ ಬೆಳಿಗ್ಗೆಯೇ ಬಂದು ಮೈಯೆಲ್ಲ ಗ್ರೀಸ್ ಮಾಡಿಕೊಂಡು ಗಾದಿ ಕೂಡಿಸಿ, ಈಗ ಮೊಬೈಲ್ ಎತ್ತಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಶಿದ್ರಾಮಪ್ಪ ಒಂದು ಉಪಾಯ ಮಾಡಿಕೊಂಡಿದ್ದ. ಈ ಗಾದಿ ಬೇಡದ ಸಪ್ಪಳವನ್ನಷ್ಟೇ ಅಲ್ಲ, ಬೇಕಾದ ಸಪ್ಪಳವನ್ನೂ ನುಂಗಿಹಾಕುತ್ತದೆ, ನೂಲು ಹರಿದರೆ ನೇಕಾರನಿಗೆ ತಿಳಿಯುವುದೇ ಇಲ್ಲ ಎಂದು ತೋರಿಸಿಕೊಟ್ಟರೆ ಮುಗಿಯಿತು. ಶೈಲಾ ಮೊದಲನೇ ಮಗ್ಗದಲ್ಲಿ ಕಂಡಿಕೆ ಬದಲಿಸುವಾಗ ಅವಳ ಬೆನ್ನ ಹಿಂದೆ ನಾಲ್ಕನೇ ಮಗ್ಗದ ನೂಲನ್ನು ತಾನೇ ಹರಿಯಬೇಕು. ಅವಳಿಗೆ ಕೇಳಿಸುವುದಿಲ್ಲ. ಆಗ ಊರಿಗೆ ಕೇಳುವಂತೆ, 'ಗಾದೀ ಮ್ಯಾಲ ನೀ ಮಕ್ಕೋ ತಮ್ಮಾ, ಮಗ್ಗ ಎಬ್ಬಸಬ್ಯಾಡ' ಎಂದು ಅನ್ನಬೇಕು. ಆ ಮಾತನ್ನೂ ಅವನು ಮೊದಲೇ ಸಿದ್ಧಮಾಡಿಟ್ಟುಕೊಂಡಿದ್ದ.

ಮಗ್ಗಗಳು ಶುರುವಾದವು.

ಶಿದ್ರಾಮಪ್ಪನಿಗೆ ಅದು ಮೊದಲ ಪೆಟ್ಟು. ನೆಲ ನಡುಗಿಸುವ ಆ ಗುದ್ದು ಮಾಯವಾಗಿತ್ತು. ನಾಲ್ಕು ಮಗ್ಗಗಳು ಒಟ್ಟಿಗೆ ಓಡುತ್ತಿದ್ದರೂ ಲಾಳಿ ಅತ್ತಿಂದಿತ್ತ ಸರಿಯುವ ಸಪ್ಪಳ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಬೋರವ್ವ ಕೆಮ್ಮಿದ್ದು ಕೇಳಿಸಿತು. ಹೊರಗೆ ಯಾರೋ ಕೊಡ ಇಳಿಸಿದ್ದು ಕೇಳಿಸಿತು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿ ಹುಬ್ಬು ಏರಿಸಿದರು. ಆಗಲಿ, ಹುಡುಗ ಬೀಗುವಷ್ಟು ಬೀಗಲಿ ಎಂದು ಶಿದ್ರಾಮಪ್ಪ ಹಲ್ಲು ಕಡಿದು ಎಣ್ಣೆ ಡಬ್ಬಿ ಹಿಡಿದುಕೊಂಡು ನಾಲ್ಕನೇ ಮಗ್ಗದ ಹತ್ತಿರ ಹೋದ. ಎಣ್ಣೆ ಬಿಡುವವನಂತೆ ಬಗ್ಗಿ, ಉಗುರಿನಿಂದ ನೂಲು ಹರಿದು ಹಿಂದೆ ಸರಿದ.

ಟಕ್. ಟಕ್. ಟಕ್.

ಎಂದೂ ಇಷ್ಟು ಸ್ಪಷ್ಟವಾಗಿ ಆ ಕಡ್ಡಿಯ ಸಪ್ಪಳ ಅವನೂ ಕೇಳಿರಲಿಲ್ಲ. ಗಾದಿ ಗುದ್ದನ್ನು ನುಂಗಿ, ಟಕ್ ಎನ್ನುವುದನ್ನು ಹಾಗೇ ಉಳಿಸಿತ್ತು. ಸಂಘದ ಮೂವರೂ ಒಟ್ಟಿಗೆ ನಾಲ್ಕನೇ ಮಗ್ಗದ ಕಡೆ ತಿರುಗಿದರು. ಸಿದ್ದಾರೂಢ ತಿರುಗಿದ. ಎಪ್ಪತ್ತೈದು ವರ್ಷದ ಬೋರವ್ವ ತಿರುಗಿದಳು. ಮಗ್ಗದ ಗಂಧವೇ ಗೊತ್ತಿಲ್ಲದ ಜಮಖಂಡಿಯ ಹುಡುಗ ಕೂಡ, "ಕಾಕಾರ, ಅಲ್ಲೇನೋ ಟಕ್ ಅನ್ನಾಕತ್ತೈತಿ," ಎಂದ.

ತಿರುಗದವಳು ಶೈಲಾ ಒಬ್ಬಳೇ.

ಅವಳು ಐದು ಹೆಜ್ಜೆ ಆಚೆಗೆ ಬೆನ್ನು ಮಾಡಿ ನಿಂತು, ಮೊದಲನೇ ಮಗ್ಗದ ಚೌಕಟ್ಟಿಗೆ ಎಡ ಅಂಗೈ ಒತ್ತಿ ಹಿಡಿದಿದ್ದಳು. ನಾಲ್ಕನೇ ಮಗ್ಗ ನೂಲಿಲ್ಲದೆ ಗಾಳಿಯನ್ನು ನೇಯುತ್ತಿತ್ತು.

"ಶೈಲಾ," ಎಂದ ಶಿದ್ರಾಮಪ್ಪ. ಅವಳು ತಿರುಗಲಿಲ್ಲ. "ಶೈಲಾ!" ಎಂದ, ಇನ್ನೂ ಜೋರಾಗಿ. ಮೂರನೇ ಸಲ ಅವನು ಕೂಗಿದ ಕೂಗಿಗೆ ಓಣಿಯ ನಾಯಿ ಬೊಗಳಿತು, ಹೊರಗೆ ಕೊಡ ಇಳಿಸಿದವಳು ಬಾಗಿಲಿಗೆ ಬಂದು ಇಣುಕಿದಳು. ಶೈಲಾ ಖಾಲಿ ಕಂಡಿಕೆಯನ್ನು ಬುಟ್ಟಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಎಲ್ಲರ ಕಣ್ಣು ತನ್ನ ಮೇಲಿರುವುದನ್ನು ಅವಳು ಕಂಡದ್ದು ಆಮೇಲೆ, ತಾನಾಗಿ ತಿರುಗಿದಾಗ. ಗಾಬರಿಯಾಗಿ ಓಡಿಬಂದು ನಾಲ್ಕನೇ ಮಗ್ಗದ ಹಿಡಿಕೆ ಎಳೆದು ನಿಲ್ಲಿಸಿದಳು. ಬಟ್ಟೆಯಲ್ಲಿ ಬೆರಳಗಲ ಜಾಳು ಬಿದ್ದಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ಮೇಲಿನ ಜಂತಿಯ ಮೊಳೆಯನ್ನು ನೋಡಿದಳು, ಆಮೇಲೆ ಒಬ್ಬೊಬ್ಬರ ಬಾಯನ್ನೂ ನೋಡುತ್ತ, "ಏನಾತ್ರಿ? ಏನಂದ್ರಿ?" ಎಂದಳು.

ಸಿದ್ದಾರೂಢನಿಗೆ ತಡೆಯಲಾಗಲಿಲ್ಲ. ಮೂರು ವರ್ಷ ಕಾದದ್ದು ಕೈಗೆ ಬಂದಿತ್ತಲ್ಲ! ಮೀಸೆಯಡಿಯಲ್ಲಿ ನಗುತ್ತ, "ಕಾಕಾ, ನೀನ ಹೇಳತಿರತಿ ನೋಡು. ಕಿವಿ ಇಲ್ಲದಾಂವ ಮಗ್ಗದ ಮನಿಗೆ ಬರಬಾರದು, ಮಠಕ್ಕ ಹೋಗಬೇಕು ಅಂತ," ಎಂದ.

ತನ್ನ ಮಾತು ಬೇರೆಯವರ ಬಾಯಿಂದ ಎಷ್ಟು ಹೊಲಸಾಗಿ ನಾರುತ್ತದೆ ಎಂದು ಶಿದ್ರಾಮಪ್ಪನಿಗೆ ಆಗ ಗೊತ್ತಾಯಿತು.

"ಎಷ್ಟ ದಿನದಿಂದ?" ಎಂದು ಅವನು ಬೋರವ್ವನನ್ನು ಕೇಳಿದ. ಮಗಳನ್ನು ಕೇಳುವ ಧೈರ್ಯ ಬರಲಿಲ್ಲ.

"ಎರಡ ವರ್ಷ ಆಗಿರಬೇಕು. ನನಗ ಗೊತ್ತಿತ್ತು. ಹೇಳಬ್ಯಾಡ ಬೇ ಅಮ್ಮಾ ಅಂತ ಕಾಲ ಹಿಡದಿದ್ಲು ಹುಡುಗಿ. ಹಾಲಸಿದ್ದಪ್ಪಗ ಏನ ಮಾಡಿದಿ ನೋಡಿದ್ಲಲ್ಲ," ಎಂದಳು ಬೋರವ್ವ. ಆಮೇಲೆ ಜಂತಿಯ ಕಡೆ ಕೈ ಮಾಡಿದಳು. "ಎರಡ ವರ್ಷದಾಗ ಒಂದರ ಸೀರಿ ತಿರುಗಿ ಬಂದಿತ್ತೇನ? ಆ ಕೆಂಪು ಚಿಂದಿ ಹರದ ಒಗದಿ ನೋಡು, ಅಲ್ಲಿಂದ ಶುರು ಆತು. ಮತ್ತ ಕಟ್ಟಾಕ ಅಂಜಿದ್ಲು."

ಚಿಂದಿ. ಶಿದ್ರಾಮಪ್ಪನಿಗೆ ನೆನಪಾಯಿತು. ಎರಡು ತಿಂಗಳ ಹಿಂದೆ, ಯಾವುದೋ ಸಿಟ್ಟಿನಲ್ಲಿ ಕೋಣೆಗೆ ಬಂದವನಿಗೆ ಪ್ರತಿ ಮಗ್ಗದ ಮೇಲೆ ಜಂತಿಯಿಂದ ಒಂದೊಂದು ಕೆಂಪು ಸೀರೆಯಂಚಿನ ತುಂಡು ಜೋತಾಡುತ್ತಿದ್ದದ್ದು ಕಂಡಿತ್ತು. ಮೊಳೆಯ ಮೇಲಿಂದ ದಾರ, ದಾರದ ಒಂದು ತುದಿಗೆ ಚಿಂದಿ, ಚಿಂದಿಗೆ ತೂಕಕ್ಕೆಂದು ಒಂದು ಖಾಲಿ ಕಂಡಿಕೆ, ಇನ್ನೊಂದು ತುದಿ ಮಗ್ಗದೊಳಗೆಲ್ಲೋ. ಎಲ್ಲಿಗೆ ಹೋಗಿದೆ ಎಂದು ಅವನು ಬಗ್ಗಿ ನೋಡಿರಲಿಲ್ಲ. ಊರಿನ ಮಗ್ಗಗಳ ಹೊಟ್ಟೆಯೊಳಗೆ ಕೈ ಹಾಕಿ ಬದುಕಿದವನು ತನ್ನ ಮನೆಯ ದಾರದ ತುದಿ ನೋಡಲಿಲ್ಲ. "ಮಗ್ಗಕ್ಕೂ ದಿಷ್ಟಿ ಆಗತೈತೇನ? ಹಳ್ಳಿ ಮುಕ್ಕ!" ಎಂದು ನಾಲ್ಕನ್ನೂ ಹರಿದು ಕಸದ ಚೀಲಕ್ಕೆ ತುರುಕಿದ್ದ.

ಈಗ ಬಗ್ಗಿದ. ನಾಲ್ಕನೇ ಮಗ್ಗದ ತಂತಿ ಕಡ್ಡಿಗೆ ಸಣ್ಣದೊಂದು ಗಂಟು ಇನ್ನೂ ಉಳಿದಿತ್ತು. ನೂಲು ಹರಿದಾಗ ಕಡ್ಡಿ ಏಳುತ್ತದೆ, ದಾರ ಸಡಿಲಾಗುತ್ತದೆ, ಕಂಡಿಕೆಯ ತೂಕಕ್ಕೆ ಚಿಂದಿ ಕೆಳಗೆ ಜಾರಿ ಅವಳ ಕಣ್ಣೆದುರಿಗೆ ಬಂದು ಕುಣಿಯುತ್ತದೆ. ನಾಲ್ಕು ಮಗ್ಗ, ನಾಲ್ಕು ಚಿಂದಿ. ಕಿವಿ ಹೋದವಳು ಕಣ್ಣಿಗೆ ಕೆಲಸ ಕೊಟ್ಟಿದ್ದಳು. ಕಿವಿ ಇದ್ದ ಮೂರ್ಖ ಅದನ್ನು ಹರಿದುಹಾಕಿದ್ದ. ಹನ್ನೆರಡು ವರ್ಷ ಆ ಗದ್ದಲದ ನಡುವೆ ಅವಳನ್ನು ನಿಲ್ಲಿಸಿ, ತಾನು ಸೈಕಲ್ ಹತ್ತಿ ಊರವರ ಮಗ್ಗದ ದನಿ ಕೇಳುತ್ತ ಹೋದವನೂ ಇವನೇ. ಇಷ್ಟು ವರ್ಷ ಬೇರೆಯವರಿಗೆಂದು ಕೂಡಿಟ್ಟ ತಾತ್ಸಾರವೆಲ್ಲ ಒಮ್ಮೆಗೇ ಮನೆಗೆ ಬಂದಂತಾಗಿ, ಶಿದ್ರಾಮಪ್ಪ ಮಗ್ಗದ ಅಂಚು ಹಿಡಿದು ನಿಂತ.

ಚಿಂದಿ ಹೇಗೆ ಇಳಿಯುತ್ತಿತ್ತೆಂದು ಬೋರವ್ವನಿಂದ ಕೇಳಿ ತಿಳಿದ ಪ್ರಭುಲಿಂಗನ ಮೊಬೈಲ್ ಅಷ್ಟರಲ್ಲಿ ಮೊಳೆಯ ಕಡೆ ತಿರುಗಿತ್ತು. "ಅಬಬಬ! ಕರೆಂಟಿಲ್ಲ, ಬ್ಯಾಟರಿ ಇಲ್ಲ, ಬರೀ ಕಸದಿಂದ ಮಾಡ್ಯಾರ! ಕಾಕಾರ, ಇದನ್ನ ನಮ್ಮ ಗಾದೀ ಜೋಡಿ ಸೇರಿಸಿ ಒಂದು ಕಿಟ್ ಮಾಡಬಹುದ್ರಿ. ಅಕ್ಕಾರ, ಸ್ವಲ್ಪ ಈ ಕಡೆ ನಿಂದರ್ರಿ, ಒಂದ ಫೋಟೋ..."

"ಮೊಬೈಲ್ ಕಿಸೇಕ ಹಾಕು," ಎಂದ ಶಿದ್ರಾಮಪ್ಪ. ದನಿ ಏರಿಸಲಿಲ್ಲ, ಏರಿಸುವ ಅಗತ್ಯವೂ ಆ ಕೋಣೆಯಲ್ಲಿ ಉಳಿದಿರಲಿಲ್ಲ. "ಗಾದಿ ಛಲೋ ಐತಿ. ಖರೆ ಹೇಳತೀನಿ, ಛಲೋ ಐತಿ. ಊರಾಗ ಎಲ್ಲಾರೂ ಹಾಕ್ಕೊಳ್ಳಲಿ. ಆದ್ರ ಆ ಚಿಂದಿ ಆಕೀದು. ಬೇಕಾದ್ರ ಆಕೀನ್ನ ಕೇಳು, ಎದರ ನಿಂತ ಕೇಳು." ಆಮೇಲೆ ಸಿದ್ದಾರೂಢನ ಕಡೆ ತಿರುಗಿದ. "ನಿನಗ ಕಿವಿ ಎರಡದಾವಲ್ಲ? ಹಂಗಿದ್ರ ಕೇಳು. ಈ ನಾಲ್ಕು ಮಗ್ಗ ಶೈಲಾಂದು. ಇನ್ನೊಮ್ಮೆ ಈ ಬಾಗಲದಾಗ ನಿನ್ನ ಮಾರಿ ಕಾಣಬಾರದು. ನಡಿ."

ಸಿದ್ದಾರೂಢ ಗೊಣಗುತ್ತ ಹೊರಟ. ಸಂಘದವರೂ ಚಪ್ಪಲಿ ಹುಡುಕತೊಡಗಿದರು. ಶಿದ್ರಾಮಪ್ಪ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಕಸದ ಚೀಲವನ್ನು ನೆಲಕ್ಕೆ ಸುರಿದು, ಮಂಡಿಯೂರಿ ಕೂತು ಕೆದಕಿ ಕೆದಕಿ, ಒಂದು ಕೆಂಪು ಅಂಚಿನ ತುಂಡು ಹುಡುಕಿ ತೆಗೆದ. ಸ್ಟೂಲ್ ಹತ್ತಿ ಮೊಳೆಗೆ ದಾರ ಹಾಕಲು ಹೋದ. ಸಾವಿರ ಮಗ್ಗ ಕಟ್ಟಿದ ಕೈಯಿಂದ ಗಂಟು ಎರಡು ಸಲ ಜಾರಿತು.

ಶೈಲಾ ಅವನ ಅಂಗಿಯ ಚುಂಗು ಹಿಡಿದು ಎಳೆದಳು. ಅವನು ಕೆಳಗಿಳಿದು ಅವಳ ಎದುರಿಗೆ ನಿಂತ. ಎರಡು ವರ್ಷ ಬೆನ್ನ ಹಿಂದೆ ಬೈದದ್ದೊಂದೂ ಅವಳಿಗೆ ಮುಟ್ಟಿರಲಿಲ್ಲ. ಎದುರು ನಿಂತು ಹೇಳಿದ್ದಷ್ಟೇ ಮುಟ್ಟಿತ್ತು, ಎದುರು ನಿಂತು ಅವನು ಹೇಳುತ್ತಿದ್ದದ್ದು ಆ ಮಠದ ಮಾತು. ಅವನು ದನಿಯಿಲ್ಲದೆ, ತುಟಿಯನ್ನಷ್ಟೇ ನಿಧಾನವಾಗಿ ಆಡಿಸಿ ಕೇಳಿದ:

"ಯಾಕ ಹೇಳಲಿಲ್ಲ ಮಗಾ?"

"ಹೇಳಿದ್ನಲ್ಲಪಾ," ಎಂದಳು ಶೈಲಾ, ಅವಳ ಆ ದೊಡ್ಡ ದನಿಯಲ್ಲಿ. "ನಾಲ್ಕೂ ಮಗ್ಗಕ್ಕ ಕಟ್ಟಿ ಹೇಳಿದ್ದೆ. ನೀ ಹರದ ಒಗದಿ."

ಅವನ ಕೈಯಿಂದ ಚಿಂದಿ ತೆಗೆದುಕೊಂಡು ಅವಳು ಸ್ಟೂಲ್ ಹತ್ತಿದಳು. ಸ್ಟೂಲಿನ ಒಂದು ಕಾಲು ಗಿಡ್ಡವಿತ್ತು. ಅವಳು ನಾಲ್ಕನೇ ಮಗ್ಗದ ಗಂಟು ಹಾಕಿ ಮುಗಿಸುವ ತನಕ ಶಿದ್ರಾಮಪ್ಪ ಆ ಸ್ಟೂಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತ.